ಹಡಗಿಗಿಂತ ದಡವೇ ಲೇಸು

ಸಮುದ್ರಯಾನವೆಂದರೆ ನಮ್ಮಂಥ ಬಯಲುಸೀಮೆಯವರಿಗೆ ಒಂದು ಹುಚ್ಚು. ಕೆರೆ ಕೋಡಿ ಬಿದ್ದರೆ ಊರೇ ಹಬ್ಬ ಮಾಡುವ ಕೋಲಾರದ ಕಡೆ ಹುಟ್ಟಿದವನಿಗೆ, ನಾಲ್ಕು ದಿಕ್ಕಿಗೂ ನೀರೇ ಕಾಣುವ ಕಡೆ ಐದು ರಾತ್ರಿ ಕಳೆಯುವ ಅವಕಾಶ ದೊರೆತರೆ ಬಿಡುವುದುಂಟೆ? ನಾನೂ ಬಿಡಲಿಲ್ಲ. ಈಗ ನಮ್ಮ ಕಾಲೇಜಿನ ಕೆಲವು ಮಿತ್ರರು, "ಪ್ರತಿವರ್ಷ ಅದೇ ಹಂಪೆ, ಅದೇ ಹಳೇಬೀಡು, ಈ ಸಲದ ಪ್ರವಾಸಕ್ಕೆ ವಿಹಾರದ ಹಡಗು ಹತ್ತೋಣ" ಎಂದು ಹೇಳತೊಡಗಿದ್ದಾರೆ. ಒಮ್ಮೆ ಹತ್ತಿ ಇಳಿದವನ ಅಭಿಪ್ರಾಯವನ್ನು ಅವರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

2023ರಲ್ಲಿ ನಾನು ಪಿಯುಸಿ ಮುಗಿಸಿದೆ. ನಮ್ಮ ತಾಯಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. "ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಭೂಪಟದಲ್ಲಿ ಸಿಂಹಳವನ್ನು ಕಡ್ಡಿಯಿಂದ ತೋರಿಸಿದ್ದೇ ಆಯಿತು, ಒಮ್ಮೆ ಕಣ್ಣಿಂದ ನೋಡಬೇಕು" ಎಂದು ಅವರು ಹೇಳುತ್ತಿದ್ದುದುಂಟು. ಅದನ್ನು ನೆನಪಿಟ್ಟಿದ್ದ ಸೋದರಮಾವ ತಮ್ಮ ಉಳಿತಾಯದ ಹಣದಲ್ಲಿ ನಮ್ಮಿಬ್ಬರಿಗೂ ಟಿಕೆಟ್ ಮಾಡಿಸಿಕೊಟ್ಟರು. ಚೆನ್ನೈನಿಂದ ಹೊರಟು ಹಂಬನ್‌ತೋಟ, ತಿರುಕೋಣಮಲೆ, ಕಾಂಕೇಸನ್‌ತುರೈ ಎಂಬ ಮೂರು ರೇವುಗಳನ್ನು ಮುಟ್ಟಿ ಹಿಂತಿರುಗುವ ಹಡಗು ಅದು.

ಆ ಹಡಗಿನಲ್ಲಿ ಎಲ್ಲವೂ ಇತ್ತು, ಕಡಲೊಂದನ್ನು ಬಿಟ್ಟು. ನಮಗೆ ಸಿಕ್ಕ ಕೋಣೆ ಹಡಗಿನ ಹೊಟ್ಟೆಯೊಳಗಿನದು, ಅದಕ್ಕೆ ಕಿಟಕಿಯಿಲ್ಲ. ಬೆಳಗಾಯಿತೋ ಇಲ್ಲವೋ ಎಂಬುದನ್ನು ಗಡಿಯಾರ ನೋಡಿ ತಿಳಿಯಬೇಕು. ಮೇಲಕ್ಕೆ ಹೋದರೆ ಈಜುಕೊಳದ ಸುತ್ತ ಧ್ವನಿವರ್ಧಕಗಳು. ಅವುಗಳ ಅಬ್ಬರದಲ್ಲಿ ಅಲೆಯ ಸದ್ದು ಯಾರಿಗೆ ಕೇಳೀತು? ಒಳಗೆ ಬಂದರೆ ಅಂಗಡಿ, ಜೂಜಿನ ಕೋಣೆ, ಊಟಕ್ಕೆ ಉದ್ದನೆಯ ಸಾಲು. ಟಿಕೆಟ್ಟಿನಲ್ಲಿ ಸೇರದ ಒಂದೊಂದು ಸೌಕರ್ಯಕ್ಕೂ ಬೇರೆ ಹಣ. ಎರಡನೆಯ ದಿನ ಸಂಜೆ ತಾಯಿ, "ಜಾತ್ರೆಯ ಹಾಗೇ ಇದೆಯಪ್ಪ, ದೇವರೊಬ್ಬನೇ ಇಲ್ಲ" ಎಂದರು. ಕೆಲಸದ ಹುಡುಗರ ಮೇಲೆ ನಾನು ದೂರು ಹೇಳುತ್ತಿಲ್ಲ. ಅವರು ಹಗಲಿರುಳು ದುಡಿದು, ನಗುನಗುತ್ತಲೇ ಉಪಚರಿಸಿದರು. ಪ್ರಯಾಣಿಕನು ಹೊರಗೆ ನೋಡಿದಷ್ಟು ಹೊತ್ತೂ ಖರ್ಚು ಮಾಡುವುದಿಲ್ಲ. ಆದ್ದರಿಂದ ಅವನನ್ನು ಒಳಗೇ ಹಿಡಿದಿಡುವಂತೆ ಎಲ್ಲವನ್ನೂ ಏರ್ಪಡಿಸಿದ್ದಾರೆ. ದೋಷವಿರುವುದು ಅಲ್ಲಿ.

ಇನ್ನು ದಡದ ಮಾತು. ತಿರುಕೋಣಮಲೆಯ ರೇವು ಪ್ರಪಂಚದ ಹೆಸರಾಂತ ಸ್ವಾಭಾವಿಕ ಬಂದರುಗಳಲ್ಲೊಂದು. ಎರಡನೆಯ ಮಹಾಯುದ್ಧದಲ್ಲಿ, 1942ರ ಏಪ್ರಿಲ್ 9ರಂದು, ಜಪಾನಿ ವಿಮಾನಗಳು ಅದರ ಮೇಲೆ ಬಾಂಬು ಸುರಿದವು. ಅಲ್ಲಿನ ಕಡಿದಾದ ಬಂಡೆಯ ನೆತ್ತಿಯಲ್ಲಿ ಕೋಣೇಶ್ವರನ ಗುಡಿಯಿದೆ. ಹಳೆಯ ದೇವಾಲಯವನ್ನು 1620ರ ದಶಕದಲ್ಲಿ ಪೋರ್ಚುಗೀಸರು ಕೆಡವಿ, ಅದರ ಕಲ್ಲುಗಳನ್ನು ಕೋಟೆಗೆ ಬಳಸಿದರು. ಇಂದಿನ ಗುಡಿ ಇಪ್ಪತ್ತನೆಯ ಶತಮಾನದಲ್ಲಿ ಎದ್ದು ನಿಂತದ್ದು. ಕೋಟೆಯೊಳಗೆ ಈಗ ಚುಕ್ಕೆ ಜಿಂಕೆಗಳು ನಿರ್ಭಯವಾಗಿ ತಿರುಗುತ್ತವೆ. ಬಂಡೆಯ ಅಂಚಿನ ಕಟ್ಟೆಯ ಬಳಿ ನಿಂತಾಗ ಕೆಳಗೆ, ಬಹಳ ಕೆಳಗೆ, ನೀಲಿಯ ನೀರು ಕಲ್ಲಿಗೆ ಬಡಿದು ನೊರೆಯಾಗುತ್ತಿತ್ತು. ಎರಡು ದಿನ ಕಡಲ ಮೇಲೆಯೇ ಇದ್ದ ನಾನು ಕಡಲನ್ನು ಕಂಡದ್ದು ಆಗಲೇ.

ಕಾಂಕೇಸನ್‌ತುರೈಯಲ್ಲಿ ಇಳಿದವರನ್ನು ಬಸ್ಸಿನಲ್ಲಿ ಯಾಳ್ಪಾಣಕ್ಕೆ, ಎಂದರೆ ಜಾಫ್ನಾ ಪಟ್ಟಣಕ್ಕೆ, ಕರೆದೊಯ್ದರು. ದಾರಿಯುದ್ದಕ್ಕೂ ತಾಳೆಮರಗಳು. ನಲ್ಲೂರಿನ ಕಂದಸ್ವಾಮಿಯ ದರ್ಶನವಾದ ಮೇಲೆ ಸಾರ್ವಜನಿಕ ಗ್ರಂಥಾಲಯದ ಮುಂದೆ ನಿಂತೆವು. ಶ್ವೇತವರ್ಣದ ಭವ್ಯ ಕಟ್ಟಡ. ಎದುರಿಗೆ ಸರಸ್ವತಿಯ ಮೂರ್ತಿ. 1950ರ ದಶಕದಲ್ಲಿ ಇದನ್ನು ಯೋಜಿಸುವಾಗ ಸಲಹೆಯಿತ್ತವರು ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಮಹನೀಯರು ಅವರೇ. 1981ರ ಜೂನ್ ಮೊದಲ ದಿನದ ಇರುಳಿನಲ್ಲಿ ಈ ಗ್ರಂಥಾಲಯಕ್ಕೆ ಬೆಂಕಿಯಿಡಲಾಯಿತು. ಸುಮಾರು 97,000 ಗ್ರಂಥಗಳು, ಓಲೆಗರಿಗಳು ಬೂದಿಯಾದವು. ಅದು ಮತ್ತೆ ಓದುಗರಿಗೆ ಬಾಗಿಲು ತೆರೆದದ್ದು 2003ರಲ್ಲಿ.

ಅಂಗಳದ ನೆರಳಿನಲ್ಲಿ ಕುಳಿತಿದ್ದ ವೃದ್ಧರೊಬ್ಬರನ್ನು ತಾಯಿ ಮಾತನಾಡಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ಅವರಿಗೆ ತಮಿಳು ಬರುತ್ತದೆ. ಆ ಹಿರಿಯರು, ಸುಟ್ಟ ಕಟ್ಟಡದಲ್ಲಿ ತಾವು ಹುಡುಗನಾಗಿ ಓದಿದವರು, "ನೋಡಲು ಬಂದಿರಾ, ಓದಲು ಬಂದಿರಾ?" ಎಂದು ಕೇಳಿದರು. ತಾಯಿ ಉತ್ತರ ಹೇಳುವಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಹಡಗು ಹೊರಡುವ ಹೊತ್ತು. ಅಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಆ ರಾತ್ರಿ ಈಜುಕೊಳದ ಬದಿಯ ಕುಣಿತಕ್ಕೆ ಸಿಕ್ಕಿದ್ದು ನಾಲ್ಕು ತಾಸು. ತಾಯಿ ಊಟಕ್ಕೂ ಏಳಲಿಲ್ಲ. "ಅವರಿಗೆ ಉತ್ತರ ಕೊಡದೆ ಬಂದೆವಲ್ಲೋ" ಎಂದಷ್ಟೇ ಅಂದರು.

ಹಡಗು ಹತ್ತುವುದೇ ತಪ್ಪೆಂದು ನನ್ನ ವಾದವಲ್ಲ. 1914ರಲ್ಲಿ ಆರಂಭವಾಗಿ, 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ಹಾಳುಗೆಡಹುವ ತನಕ, ಮದರಾಸಿನಿಂದ ರೈಲಿನಲ್ಲಿ ಬಂದವರು ಉಗಿಹಡಗಿನಲ್ಲಿ ತಲೈಮನ್ನಾರಿಗೆ ದಾಟಿ, ಮತ್ತೆ ರೈಲು ಹಿಡಿದು ಕೊಲಂಬೊ ಸೇರುತ್ತಿದ್ದರು. 2023ರ ಅಕ್ಟೋಬರ್ 14ರಂದು ನಾಗಪಟ್ಟಣದಿಂದ ಕಾಂಕೇಸನ್‌ತುರೈಗೆ ಸಾಮಾನ್ಯ ಪ್ರಯಾಣಿಕರ ಹಡಗು ಹೊರಟಿತು. ನಡುವೆ ನಿಂತುಹೋಗಿ, 2024ರ ಆಗಸ್ಟಿನಲ್ಲಿ ಪುನಃ ಓಡಿತು. ಇಂಥ ಹಡಗು ನಾಲ್ಕಾರು ತಾಸಿನಲ್ಲಿ ದಡಕ್ಕೆ ಮುಟ್ಟಿಸಿ ತನ್ನ ಪಾಡಿಗೆ ತಾನಿರುತ್ತದೆ. ಅದು ದಾರಿ. ನಾವು ಹತ್ತಿದ್ದು ದಾರಿಯನ್ನೇ ಊರೆಂದು ನಂಬಿಸುವ ಹಡಗು.

ಹಾಗೆಂದು ಹಡಗನ್ನು ಹಳಿದು ನಾವು ಬೆನ್ನು ತಟ್ಟಿಕೊಳ್ಳುವಂತೆಯೂ ಇಲ್ಲ. ಕಳೆದ ವರ್ಷದ ನಮ್ಮ ಪ್ರವಾಸವನ್ನು ನೆನೆಯಿರಿ: ಮೂರು ದಿನ, ಹನ್ನೊಂದು ಸ್ಥಳ, ಬಸ್ಸಿನಲ್ಲಿ ಕಿವಿ ಕಿವುಡಾಗುವಷ್ಟು ಹಾಡು. ಬಾದಾಮಿಯ ಮೂರನೆಯ ಗುಹೆಯಲ್ಲಿ, 578ರ ಶಾಸನವಿರುವ ಆ ಗುಹೆಯಲ್ಲಿ, ನಮ್ಮ ಇತಿಹಾಸದ ಅಧ್ಯಾಪಕರು ಮಾತು ಆರಂಭಿಸುತ್ತಿದ್ದಂತೆ ಸೀಟಿ ಊದಿ ಕರೆದವರು ಯಾರು? ನಾವೇ. ನಮ್ಮ ಬಸ್ಸೂ ಚಕ್ರವುಳ್ಳ ಒಂದು ವಿಹಾರದ ಹಡಗೇ ಆಗಿತ್ತು.

ಆದ್ದರಿಂದ ಪ್ರವಾಸ ಸಮಿತಿಯವರಲ್ಲಿ ನನ್ನ ಅರಿಕೆ ಇಷ್ಟೆ. ಹಡಗು ಬೇಡ. ಹನ್ನೊಂದು ಸ್ಥಳಗಳೂ ಬೇಡ. ಒಂದೇ ಊರನ್ನು ಆರಿಸಿ, ಮೂರು ದಿನವೂ ಅಲ್ಲಿಯೇ ಇಳಿಯೋಣ. ಯಾರಾದರೂ ಹಿರಿಯರು ಒಂದು ಪ್ರಶ್ನೆ ಕೇಳಿದರೆ, ಕುಳಿತು ಉತ್ತರ ಹೇಳುವಷ್ಟು ಹೊತ್ತಾದರೂ ನಮ್ಮ ಕೈಯಲ್ಲಿರಲಿ.