ದುಕಾನದ ಬಾಗಿಲು ಹಾಕಿಸಿದವರು ಯಾರು?

ಮೊನ್ನೆ ಕಿರಾಣಿ ಅಂಗಡಿಯ ಮಿತ್ರರೊಬ್ಬರು ನಮ್ಮನ್ನು ಕೇಳಿದರು: "ಅಲ್ಲ ಮೇಷ್ಟ್ರೇ, ಉಗಾಂಡದಲ್ಲಿ ನಮ್ಮವರು ಬೆಳಗಿನಿಂದ ರಾತ್ರಿಯವರೆಗೆ ಗಲ್ಲದ ಮುಂದೆ ಕೂತು ದುಡಿದವರು. ಅವರನ್ನು ಉಟ್ಟ ಬಟ್ಟೆಯಲ್ಲಿ ಓಡಿಸಿದರಲ್ಲ, ಅದು ಯಾವ ನ್ಯಾಯ?" ಬೀಡಿ ಕೊಳ್ಳುತ್ತ ನಿಂತಿದ್ದ ಗಿರಣಿಯ ಗೆಳೆಯರು ಸುಮ್ಮನಿರಲಿಲ್ಲ: "ಸಾವ್ಕಾರ್ರೇ, ತೂಕದಲ್ಲಿ ಹೊಡೆದಿದ್ದರೇನೋ, ಅದಕ್ಕೇ ಓಡಿಸಿರಬೇಕು." ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತೇವೆ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಭೂಪಟದ ಮೇಲೆ ಕೋಲಿಟ್ಟು "ಮೊಂಬಾಸಾ ಬಂದರು, ವಿಕ್ಟೋರಿಯಾ ಸರೋವರ, ಬೆಳೆ ಹತ್ತಿ, ಕಾಫಿ" ಎಂದು ಹೇಳಿ ಮುಂದಿನ ಖಂಡಕ್ಕೆ ಹೋಗಿಬಿಡುತ್ತಿದ್ದೆವು. ಆ ಬಂದರಿಗೂ ಸರೋವರಕ್ಕೂ ನಡುವೆ ರೈಲುಹಳಿ ಹಾಕಿದವರು ಯಾರೆಂದು ಮಕ್ಕಳೂ ಕೇಳಲಿಲ್ಲ, ನಾವೂ ಹೇಳಲಿಲ್ಲ. 1896ರಿಂದ 1901ರವರೆಗೆ ಬ್ರಿಟಿಷರು ಆ ಕೆಲಸಕ್ಕಾಗಿ ಹಿಂದೂಸ್ಥಾನದಿಂದ, ಬಹುಪಾಲು ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಸಾಗಿಸಿದರು. ಸುಮಾರು 2,500 ಜನ ಅಲ್ಲೇ ಸತ್ತರು. ಮೈಲಿಗೆ ನಾಲ್ಕು ಹೆಣ! ಹೆಚ್ಚಿನವರು ಊರಿಗೆ ಮರಳಿದರು, ಕೆಲವು ಸಾವಿರ ಜನ ಉಳಿದರು. ಹಳಿ ಹೋದಲ್ಲೆಲ್ಲ ಗುಜರಾತಿನ ಸಣ್ಣ ವರ್ತಕರು ಹೋಗಿ ಅಂಗಡಿ ಹಾಕಿದರು. ಸ್ವಾಹಿಲಿ ನುಡಿಯಲ್ಲಿ ಇಂದಿಗೂ ಅಂಗಡಿಗೆ 'ದುಕಾ' ಎಂದೇ ಹೆಸರು. ನಮ್ಮ ದುಕಾನದ ಒಡಹುಟ್ಟು.

ಕೀನ್ಯಾದ ತಂಪಾದ ಎತ್ತರದ ನೆಲವನ್ನು ಬಿಳಿಯರು ತಮಗೇ ಮೀಸಲಿಟ್ಟುಕೊಂಡರು. ಆಫ್ರಿಕದವನ ಭೂಮಿ ಹೋಯಿತು. ಭಾರತೀಯನು ಅಲ್ಲಿ ಭೂಮಿ ಕೊಳ್ಳುವಂತಿರಲಿಲ್ಲ. ಅವನ ಕೈಗೆ ಬಂದದ್ದು ತಕ್ಕಡಿ. ಉಗಾಂಡದಲ್ಲಿ ಹತ್ತಿ ಬೆಳೆಯುವವನು ಆಫ್ರಿಕದ ರೈತ. ಜಿನ್ನುಗಳು ಭಾರತೀಯರವು, ಯೂರೋಪಿಯನ್ನರವು. ಆ ಅರಳೆ ಮುಂಬಯಿಯ ಗಿರಣಿಗಳಿಗೂ ಬರುತ್ತಿತ್ತು. 1949ರಲ್ಲಿ ಬುಗಾಂಡದ ರೈತರು, ತಮ್ಮ ಹತ್ತಿಯನ್ನು ತಾವೇ ಜಿನ್ನು ಮಾಡಿಸಿ ಮಾರುವ ಹಕ್ಕು ಬೇಕೆಂದು ದಂಗೆಯೆದ್ದರು. 1959ರಲ್ಲಿ ಭಾರತೀಯರ ಅಂಗಡಿಗಳಿಗೇ ಬಹಿಷ್ಕಾರ ಬಿತ್ತು. ಲಂಡನ್ನಿನಲ್ಲಿ ಕೂತ ಒಡೆಯ ರೈತನ ಕಣ್ಣಿಗೆ ಬೀಳುವುದಿಲ್ಲ. ತಕ್ಕಡಿ ಹಿಡಿದವನು ದಿನವೂ ಬೀಳುತ್ತಾನೆ. ಬಣ್ಣಕ್ಕೊಂದು ಶಾಲೆ, ಬಣ್ಣಕ್ಕೊಂದು ಬಡಾವಣೆ ಮಾಡಿದ್ದು ಬಿಳಿಯ ಸರಕಾರ ನಿಜ. ಆದರೆ ಆ ಬೇಲಿಯೊಳಗೆ ನಮ್ಮವರಲ್ಲಿ ಬಹಳ ಜನ ಸಂತೋಷವಾಗಿಯೇ ಕೂತರು ಎಂಬುದನ್ನೂ ವರ್ತಕ ಮಿತ್ರರು ಒಪ್ಪಬೇಕು.

ಇನ್ನು ಇದಿ ಅಮೀನ್. 1971ರ ಜನವರಿಯಲ್ಲಿ ಸೈನ್ಯದ ಬಲದಿಂದ ಗದ್ದುಗೆ ಹಿಡಿದವನು. 1972ರ ಆಗಸ್ಟ್ 4ರಂದು ಏಷ್ಯದವರು 90 ದಿನಗಳಲ್ಲಿ ಜಾಗ ಖಾಲಿಮಾಡಬೇಕೆಂದು ಸಾರಿದ. ಹುಟ್ಟಿ ಬೆಳೆದ ಊರು ಬಿಟ್ಟು ಸುಮಾರು 27,000 ಜನ ಬ್ರಿಟನ್ನಿಗೆ ಹೋದರು, ಕೆಲವರು ಕೆನಡಕ್ಕೆ, ಕೆಲವರು ಭಾರತಕ್ಕೆ. ಬಿಟ್ಟುಹೋದ ಅಂಗಡಿಗಳು ಯಾರಿಗೆ ಸಿಕ್ಕವು? ಹತ್ತಿ ಬೆಳೆದ ರೈತನಿಗೆ ಸಿಕ್ಕವೇ? ಜಿನ್ನಿನಲ್ಲಿ ಧೂಳು ಕುಡಿದ ಕೂಲಿಗೆ ಸಿಕ್ಕವೇ? ಸಿಕ್ಕದ್ದು ಸೈನ್ಯದ ಅಧಿಕಾರಿಗಳಿಗೆ, ಅವರ ಹಿಂಬಾಲಕರಿಗೆ. ಜನ ಈ ಹೊಸ ಸಾಹುಕಾರರಿಗೆ 'ಮಾಫುತಾ ಮಿಂಗಿ' ಎಂದು ಹೆಸರಿಟ್ಟರು. ಹಾಗೆಂದರೆ ಬಹಳ ಕೊಬ್ಬು, ಬಹಳ ಎಣ್ಣೆ. ಕಬ್ಬು ಬೆಳೆಯುವ ದೇಶದಲ್ಲಿ ಸಕ್ಕರೆ ಸಿಗದಾಯಿತು. ಅದೇ 1972ರ ಸೆಪ್ಟೆಂಬರಿನಲ್ಲಿ ದೇಶದ ಮುಖ್ಯ ನ್ಯಾಯಾಧೀಶ ಬೆನೆಡಿಕ್ಟೊ ಕಿವಾನುಕರನ್ನು ನ್ಯಾಯಾಲಯದಿಂದಲೇ ಎಳೆದೊಯ್ದರು. ಅವರು ಮರಳಿ ಬರಲಿಲ್ಲ. ಅಂಗಡಿಕಾರನನ್ನು ಓಡಿಸಿದ ಕೈಯೇ ನ್ಯಾಯಾಧೀಶನ ಕುತ್ತಿಗೆಗೂ ಹೋಯಿತು. ಗಿರಣಿಯ ಗೆಳೆಯರು ಇದನ್ನು ಗಮನಿಸಬೇಕು.

ಅಂಗಡಿಕಾರನೇ ರೋಗದ ಮೂಲವಾಗಿದ್ದರೆ ಅವನನ್ನು ಓಡಿಸದ ಕೀನ್ಯಾದ ಕಥೆ ಏನು? 2007ರ ಡಿಸೆಂಬರ್ ಚುನಾವಣೆಯ ನಂತರ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಹೊಡೆದಾಡಿದವರು ಆಫ್ರಿಕದವರೇ. ಮತಪೆಟ್ಟಿಗೆ ಬರೀ ಕಿಡಿ, ಒಣಹುಲ್ಲು ಭೂಮಿಯದು. ಬಿಳಿಯರು ಬಿಟ್ಟ ನೆಲ ಸ್ವಾತಂತ್ರ್ಯದ ನಂತರ ಉಳುವವನಿಗಿಂತ ಹೆಚ್ಚಾಗಿ ಅಧಿಕಾರದ ಹತ್ತಿರ ಇದ್ದವರಿಗೆ, ಹಣವುಳ್ಳವರಿಗೆ ಹೋಗಿತ್ತು.

ಬೇರೆ ದಾರಿ ಇರಲಿಲ್ಲವೆಂದು ಯಾರೂ ಹೇಳಬಾರದು. ಪಂಜಾಬಿನಲ್ಲಿ ಹುಟ್ಟಿದ ಮಖನ್ ಸಿಂಗ್ 1935ರಲ್ಲಿ ಭಾರತೀಯ ಕಾರ್ಮಿಕರ ಸಂಘವನ್ನು ಎಲ್ಲ ಬಣ್ಣದವರಿಗೂ ತೆರೆದರು. 1950ರಲ್ಲಿ ನೈರೋಬಿಯ ತುಂಬಿದ ಸಭೆಯಲ್ಲಿ ಪೂರ್ವ ಆಫ್ರಿಕಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕೆಂದರು. ಅದಕ್ಕೆ ಸಿಕ್ಕ ಬಹುಮಾನ ಹನ್ನೊಂದು ವರ್ಷದ ಬಂಧನ. ಇನ್ನೊಬ್ಬರು ಪಿಯೊ ಗಾಮಾ ಪಿಂಟೊ, ನೈರೋಬಿಯಲ್ಲಿ ಹುಟ್ಟಿದ ಗೋವೆಯವರು. ವಾಚಕರಿಗೆ ಸಂತೋಷವಾಗಬಹುದು, ಅವರು ಓದಿದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಕೀನ್ಯಾಕ್ಕೆ ಮರಳಿ ಸ್ವಾತಂತ್ರ್ಯದ ಹೋರಾಟಕ್ಕೆ ಧುಮುಕಿ, 1954ರಲ್ಲಿ ಸೆರೆಯಾಗಿ, ಐದು ವರ್ಷ ಬಂಧನದಲ್ಲಿ, ನಿರ್ಬಂಧದಲ್ಲಿ ಕಳೆದರು. ಅವರನ್ನು ಆಫ್ರಿಕದ ಜನಪ್ರತಿನಿಧಿಗಳು ಪರದೇಶಿ ಎನ್ನಲಿಲ್ಲ, ಪಾರ್ಲಿಮೆಂಟಿಗೆ ಸೇರಿಸಿಕೊಂಡರು. ಅಲ್ಲಿಯೂ ಅವರು ಭೂಮಿಯ ಪ್ರಶ್ನೆಯನ್ನು ಬಿಡಲಿಲ್ಲ.

1965ರ ಫೆಬ್ರವರಿ 24ರ ಬೆಳಗ್ಗೆ ಮನೆಯ ಗೇಟಿನ ಬಳಿ, ಚಿಕ್ಕ ಮಗಳು ಕಾರಿನಲ್ಲಿ ಕೂತಿದ್ದಾಗಲೇ, ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 37 ವರ್ಷ. ಗುಂಡು ಹಾರಿಸಿದ ಆರೋಪದ ಮೇಲೆ ಒಬ್ಬ ಬಡ ಹುಡುಗ ಮೂರು ದಶಕಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕೊಳೆತು, ತಾನು ನಿರಪರಾಧಿಯೆಂದು ಹೇಳುತ್ತಲೇ ಹೊರಬಂದ. ಕೊಲ್ಲಿಸಿದವರು ಯಾರೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಅಂಗಡಿಯ ಮಿತ್ರರು ಮುಂದಿನ ಸಲ ಉಗಾಂಡದ ಮಾತೆತ್ತಿದರೆ, ನಾವು ಧಾರವಾಡದಿಂದ ಶುರುಮಾಡುತ್ತೇವೆ.