ವರ್ಷಕ್ಕೆ ಏಳು ರಾತ್ರಿ

ಹೋದ ಭಾನುವಾರ ಸಂಜೆ ಕೆಳಗಿನ ಫ್ಲಾಟಿನ ಹಾಸನದ ಹುಡುಗಿ ದಪ್ಪನೆಯ ಫೈಲೊಂದನ್ನು ಹಿಡಿದು ಬಂದಳು. "ಅಕ್ಕಾ, ಸೈನ್ ಹಾಕಿಬಿಟ್ವಿ. ಸರಿ ಮಾಡಿದ್ವೋ ಇಲ್ವೋ ಗೊತ್ತಾಗ್ತಿಲ್ಲ." ಫೈಲಿನ ಮೇಲಿದ್ದ ಬೆಟ್ಟ, ಈಜುಕೊಳ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅಂಥದೇ ಒಂದು ಫೈಲ್ ನಮ್ಮ ಬೀರುವಿನಲ್ಲೂ ಇದೆ, 2014ರಿಂದ.

ಟೈಮ್‌ಶೇರ್ ಮಾರುವವರ ಕ್ರಮ ಅಷ್ಟು ವರ್ಷದಲ್ಲಿ ಏನೂ ಬದಲಾಗಿಲ್ಲ. ಮಾಲಿನಲ್ಲಿ ಚೀಟಿ ತುಂಬಿಸಿಕೊಳ್ಳುತ್ತಾರೆ, ವಾರದ ಮೇಲೆ "ನಿಮಗೆ ಬಹುಮಾನ ಬಂದಿದೆ" ಅಂತ ಫೋನ್. ಗಂಡ ಹೆಂಡತಿ ಇಬ್ಬರೂ ಬರಲೇಬೇಕು. ಮಕ್ಕಳಿಗೆ ಬಲೂನು, ನಮಗೆ ಕಾಫಿ, ಮೂರು ಗಂಟೆ ಮಾತು. ಕೊನೆಗೆ, ಈ ಬೆಲೆ ಇವತ್ತಿಗೆ ಮಾತ್ರ! ಓಎಂಆರ್ ಉದ್ದಕ್ಕೂ ಐಟಿ ಸಂಬಳದ ಎಳೆಯ ಸಂಸಾರಗಳೇ ಇರುವಾಗ ಅವರಿಗೆ ಗಿರಾಕಿಗಳ ಬರ ಎಲ್ಲಿಂದ ಬರಬೇಕು? ಈ ವ್ಯಾಪಾರಕ್ಕೂ ಚೆನ್ನೈಗೂ ಹಳೇ ನಂಟು ಬೇರೆ. 1986ರಲ್ಲಿ ಶುರುವಾದ ಸ್ಟರ್ಲಿಂಗ್, 1996ರ ಮಹೀಂದ್ರ ಹಾಲಿಡೇಸ್, ಎರಡರ ಹೆಸರೂ ಈ ಊರಿನ ಜೊತೆ ಸೇರಿಕೊಂಡಿವೆ.

ಉಳಿತಾಯವಾಗುತ್ತದೆಯೇ ಅಂತ ಅವಳು ಕೇಳಿದಳು. ನಮ್ಮ ಮನೆಯ ಲೆಕ್ಕವನ್ನೇ ತೆಗೆದು ತೋರಿಸಿದೆ. ನಾವು ಕೊಟ್ಟಿದ್ದು 3,20,000, ಇಪ್ಪತ್ತೈದು ವರ್ಷಕ್ಕೆ, ವರ್ಷಕ್ಕೆ ಏಳು ರಾತ್ರಿ. ಹನ್ನೊಂದು ವರ್ಷಕ್ಕೆ ಅದರಲ್ಲಿ ಸವೆದದ್ದು 1,40,800. ಹೋಗಲಿ ಬಿಡಲಿ, ಪ್ರತಿ ವರ್ಷ ಕಟ್ಟಲೇಬೇಕಾದ ನಿರ್ವಹಣಾ ಶುಲ್ಕ (ಅದರ ಮೇಲೆ ಈಗ ಶೇ. 18 ಜಿಎಸ್‌ಟಿ) ಇಲ್ಲಿಯವರೆಗೆ ಸುಮಾರು 1,65,000. ಎರಡೂ ಸೇರಿ 3,05,800. ನಮಗೆ ಸಿಕ್ಕ 77 ರಾತ್ರಿಗಳನ್ನೂ ಬಳಸಿದ್ದರೆ ರಾತ್ರಿಗೆ ನಾಲ್ಕು ಸಾವಿರವೂ ಆಗುತ್ತಿರಲಿಲ್ಲ. ನಿಜವಾಗಿ ಅಗ್ಗ. ಆದರೆ ನಾವು ಮಲಗಿ ಎದ್ದದ್ದು 38 ರಾತ್ರಿ. ಅಂದರೆ ರಾತ್ರಿಗೆ ಎಂಟು ಸಾವಿರದ ಮೇಲೆ. ಆ ಹಣ ಬ್ಯಾಂಕಿನಲ್ಲಿದ್ದಿದ್ದರೆ ಬರುತ್ತಿದ್ದ ಬಡ್ಡಿ ಇದರಲ್ಲಿ ಸೇರಿಲ್ಲ. ಅಲ್ಲಿನ ಊಟದ ಬಿಲ್ಲಂತೂ ಬೇಡ, ಒಂದು ಪ್ಲೇಟ್ ಇಡ್ಲಿಯ ಬೆಲೆ ಕೇಳಿ ನಮ್ಮತ್ತೆ ಚಮಚ ಕೆಳಗಿಟ್ಟಿದ್ದರು.

ಉಳಿದ ರಾತ್ರಿಗಳು ಎಲ್ಲಿ ಹೋದವು? ಇದು ನಮ್ಮಂಥವರದೇ ಕಥೆ. ನಾವು ಕೊಂಡ ಅಗ್ಗದ ದರ್ಜೆಗೆ ಏಪ್ರಿಲ್, ಮೇ ಸೇರಿರಲಿಲ್ಲ. ಉಳಿದ ತಿಂಗಳಲ್ಲಿ ಮಕ್ಕಳಿಗೆ ಸ್ಕೂಲು. ದಸರಾ ರಜೆ ಊರಿನಲ್ಲಿ ಎರಡು ಮೂರು ವಾರ, ಇಲ್ಲಿ ಕಾಲು ವಾರ್ಷಿಕ ಪರೀಕ್ಷೆಯ ನಂತರ ಸಿಗುವ ನಾಲ್ಕಾರು ದಿನ ಅಷ್ಟೇ. ಸಿಕ್ಕ ರಜೆಯಲ್ಲಿ ಸಾಗರಕ್ಕೆ ಹೋಗದೆ ರೆಸಾರ್ಟಿಗೆ ಹೋದೆವು ಅಂದರೆ ಅತ್ತೆ ಮಾವ ಏನೂ ಅನ್ನುವುದಿಲ್ಲ, ಆದರೆ ಆ ಸಲ ಫೋನಿನಲ್ಲಿ ಮಾತು ಕಡಿಮೆ. ಮೈದುನನ ಮದುವೆ, ಗೃಹಪ್ರವೇಶ, ಮಾವನ ಕಣ್ಣಿನ ಆಪರೇಷನ್. ಚೆನ್ನೈನ ಕನ್ನಡಿಗರ ರಜೆಗಳನ್ನು ಊರು ಎಂದೋ ಬುಕ್ ಮಾಡಿಬಿಟ್ಟಿರುತ್ತದೆ.

"ಕಳೆದ ಮೂರು ವರ್ಷ ರಜೆಗೆ ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದೆ. ಅವಳು ಬೆರಳು ಮಡಚಿದಳು. ಹಾಸನ, ಹಾಸನ, ಅರಸೀಕೆರೆಯಲ್ಲಿ ಮದುವೆ, ಮತ್ತೆ ಹಾಸನ. ಒಂದು ಸಲ ಮಾತ್ರ ಮಹಾಬಲಿಪುರ, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್.

ಎಲ್ಲರಿಗೂ ಇದು ನಷ್ಟ ಅನ್ನಲಾರೆ. ನಮ್ಮ ಬ್ಲಾಕಿನಲ್ಲೇ ನಿವೃತ್ತ ದಂಪತಿಯೊಬ್ಬರಿದ್ದಾರೆ. ಜೂನ್ ತಿಂಗಳಿನ ಮಳೆಯಲ್ಲಿ, ಯಾರೂ ಹೋಗದ ಮಂಗಳವಾರದಲ್ಲಿ, ತಿಂಗಳುಗಟ್ಟಲೆ ಮುಂಚೆ ರೂಮು ಹಿಡಿದು ಹೋಗಿ ಬರುತ್ತಾರೆ. ಒಂದು ರಾತ್ರಿಯನ್ನೂ ಬಿಟ್ಟಿಲ್ಲ. ಅದೂ ಹೊಸದನ್ನು ಕೊಳ್ಳದೆ, ಬೇಡವಾದವರಿಂದ ಅರ್ಧಕ್ಕಿಂತ ಕಡಿಮೆಗೆ ವರ್ಗಾಯಿಸಿಕೊಂಡದ್ದು. ಅವರಿಗೆ ಲಾಭ. ಆದರೆ ಅರ್ಧಕ್ಕೆ ಮಾರಿದವರು ಯಾರು ಅಂತಲೂ ಯೋಚಿಸಬೇಕಲ್ಲ.

ಹುಡುಗಿಯ ಗಂಡ ಬಂದ ಮೇಲೆ ಒಪ್ಪಂದವನ್ನು ಸಣ್ಣಕ್ಷರ ಬಿಡದೆ ಓದಿದೆವು. ಹತ್ತು ದಿನದೊಳಗೆ ಬರಹದಲ್ಲಿ ತಿಳಿಸಿದರೆ ರದ್ದು ಮಾಡಬಹುದು ಅಂತ ಹದಿನಾಲ್ಕನೆಯ ಪುಟದಲ್ಲಿತ್ತು. ಏಳು ದಿನ ಆಗಲೇ ಕಳೆದಿತ್ತು. ಆತ ಬಹಳ ಹೊತ್ತು ಸುಮ್ಮನಿದ್ದ. "ಮಗಳಿಗೆ ಬೆಟ್ಟ ತೋರಿಸ್ತೀನಿ ಅಂತ ಹೇಳಿಬಿಟ್ಟಿದ್ದೆ ಮೇಡಂ" ಅಂದ. ಆ ಮಾತಿಗೆ ನನ್ನ ಲೆಕ್ಕದಲ್ಲಿ ಉತ್ತರ ಇರಲಿಲ್ಲ. 2014ರಲ್ಲಿ ನಮ್ಮವರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಸೋಮವಾರ ರಾತ್ರಿ ಇಮೇಲ್ ಕಳಿಸಿದರು, ಮಂಗಳವಾರ ಸ್ಪೀಡ್ ಪೋಸ್ಟ್. ರಸೀದಿ ಜೋಪಾನ ಅಂದಿದ್ದೇನೆ. ಹಣ ಬಾರದಿದ್ದರೆ ಕಂಪನಿಯ ಊರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.

ನಮ್ಮ ಕಾರ್ಡಿಗೆ ಇನ್ನೂ ಹದಿನಾಲ್ಕು ವರ್ಷ ಆಯಸ್ಸಿದೆ. ಜನವರಿಯಲ್ಲಿ ಕೊಡಗಿಗೆ ಮೂರು ರಾತ್ರಿ ಹಿಡಿದಿದ್ದೇವೆ. ಅತ್ತೆ ಮಾವ ಸಾಗರದಿಂದ ನೇರ ಅಲ್ಲಿಗೇ ಬರುತ್ತಾರಂತೆ. ಬರುವಾಗ ಡಬ್ಬಿಯಲ್ಲಿ ಅವಲಕ್ಕಿ ತರುತ್ತೇನೆ ಎಂದು ಅತ್ತೆ ಈಗಲೇ ಹೇಳಿದ್ದಾರೆ.