ಒಂದು ಅಂಗನವಾಡಿಗೆ ಎರಡು ಶಿಸ್ತು ಬೇಡ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ ಸುಲಿಯಲು, ಕೊಬ್ಬರಿ ಒಡೆಯಲು ಕೂಲಿಗೆ ಹೋಗುವ ತಾಯಂದಿರು ಮೂರು ವರ್ಷದ ಮಗುವನ್ನು ನಂಬಿ ಬಿಟ್ಟುಹೋಗುವುದು ಅಂಗನವಾಡಿಯಲ್ಲಿ. ಅಲ್ಲಿ ಮಗುವಿಗೆ ಇಬ್ಬರು ದೊಡ್ಡವರು: ಕಾರ್ಯಕರ್ತೆ ಮತ್ತು ಸಹಾಯಕಿ. ಮಕ್ಕಳ ಬಾಯಲ್ಲಿ ಅವರು ಟೀಚರ್ ಮತ್ತು ಆಯಮ್ಮ. ಟೀಚರ್ ಬೇಡವೆಂದದ್ದಕ್ಕೆ ಆಯಮ್ಮ ಹೂಂ ಎಂದರೆ, ಆಯಮ್ಮ ಗದರಿದಾಗ ಟೀಚರ್ ಮುದ್ದಿಸಿದರೆ, ಯಾರ ಮುಂದೆ ಹೇಗಿರಬೇಕು ಎಂಬುದನ್ನಷ್ಟೇ ಮಗು ಕಲಿಯುತ್ತದೆ.

ಈ ವ್ಯತ್ಯಾಸಕ್ಕೆ ಇಬ್ಬರ ಸ್ವಭಾವವನ್ನಷ್ಟೇ ದೂರಿ ಫಲವಿಲ್ಲ. ವ್ಯವಸ್ಥೆಯೇ ಇಬ್ಬರನ್ನು ಮೇಲೆ–ಕೆಳಗೆ ಕೂರಿಸಿದೆ. 2018ರಲ್ಲಿ ಕೇಂದ್ರ ಸರ್ಕಾರ ಕಾರ್ಯಕರ್ತೆಯ ಗೌರವಧನವನ್ನು 4,500 ರೂಪಾಯಿಗೂ ಸಹಾಯಕಿಯದನ್ನು ಅದರ ಅರ್ಧಕ್ಕೆ, 2,250ಕ್ಕೂ ಏರಿಸಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಮಕ್ಕಳ ಹಾಜರಿ, ತೂಕ, ಎತ್ತರವನ್ನೆಲ್ಲ ಮೊಬೈಲ್‌ಗೆ ತುಂಬುವ ಹೊಣೆಯೂ ಕಾರ್ಯಕರ್ತೆಯ ಹೆಗಲೇರಿತು. ಆ ಹೊತ್ತಿನಲ್ಲಿ ಅಡುಗೆಯ ನಡುವೆಯೇ ಮಕ್ಕಳನ್ನು ಸಂಭಾಳಿಸುವವಳು ಸಹಾಯಕಿ. ಮಕ್ಕಳ ಜೊತೆ ಇಷ್ಟು ಹೊತ್ತು ಇರುವವಳ ಮಾತಿಗೆ ಬೆಲೆ ಇಲ್ಲದಿದ್ದರೆ, ಕೈಮೀರಿದ ಗಳಿಗೆಯಲ್ಲಿ ಅವಳಿಗೆ ಉಳಿಯುವುದು ‘ಗುಮ್ಮ ಬರ್ತಾನೆ’, ‘ಟೀಚರ್‌ಗೆ ಹೇಳ್ತೀನಿ’ ಎಂಬ ಬೆದರಿಕೆ ಮಾತ್ರ.

ಇಲ್ಲೊಂದು ಗೆರೆ ಸ್ಪಷ್ಟವಾಗಿರಬೇಕು. ಒಬ್ಬರ ದನಿ ಗಟ್ಟಿ, ಇನ್ನೊಬ್ಬರದು ಮೆದು ಎಂಬುದು ಶೈಲಿಯ ಮಾತು. ಹೊಡೆಯುವುದು, ಚಿವುಟುವುದು, ಕತ್ತಲೆ ಕೋಣೆಯ ಭಯ ಹುಟ್ಟಿಸುವುದು ಶೈಲಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದರೂ ಅದು ಮುಖ್ಯವಾಗಿ 6ರಿಂದ 14 ವರ್ಷದವರ ಕಾಯ್ದೆ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮೂರು ವರ್ಷದ ಮಗುವನ್ನೂ ಕಾಯುತ್ತದೆ. ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಕ್ರೌರ್ಯವೆಸಗಿದರೆ ಅದು ಅಪರಾಧ.

ದಾರಿ ದುಬಾರಿಯದೇನಲ್ಲ. ಇಬ್ಬರೂ ಕೂತು ನಾಲ್ಕೇ ನಿಯಮ ಗೊತ್ತುಮಾಡಿಕೊಳ್ಳಲಿ: ಹೊಡೆದಾಡಬಾರದು, ಉಣ್ಣುವ ಮುಂಚೆ ಕೈ ತೊಳೆಯಬೇಕು, ಆಡಿದ ಸಾಮಾನು ಎತ್ತಿಡಬೇಕು, ಹೇಳದೆ ಬಾಗಿಲು ದಾಟಬಾರದು. ಮುರಿದಾಗ ಏನು ಮಾಡಬೇಕೆಂಬುದೂ ಒಂದೇ ಇರಲಿ. ಆಟಿಕೆಗಾಗಿ ಇಬ್ಬರು ಮಕ್ಕಳು ಜಗಳವಾಡಿದರೆ ಮೊದಲು ಬಿಡಿಸುವುದು, ಇಬ್ಬರ ಮಾತನ್ನೂ ಕೇಳುವುದು, ಸರದಿ ಹೇಳಿಕೊಡುವುದು. ಯಾರೇ ಇದ್ದರೂ ಕ್ರಮ ಬದಲಾಗಬಾರದು. ಸಹೋದ್ಯೋಗಿಯ ರೀತಿ ಒಪ್ಪಿಗೆಯಾಗದಿದ್ದರೆ ಮಕ್ಕಳು ಮನೆಗೆ ಹೋದ ಮೇಲೆ ಮಾತಾಡಬೇಕು. ಕೈ ಎತ್ತಿದಾಗ ಮಾತ್ರ ಕಾಯುವಂತಿಲ್ಲ, ಆಗಲೇ ತಡೆಯಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರನೇ ವರ್ಷದಿಂದಲೇ ಕಲಿಕೆಯ ಅಡಿಪಾಯದ ಹಂತವನ್ನು ಎಣಿಸುತ್ತದೆ. ಅದನ್ನು ನಿಜಕ್ಕೂ ಒಪ್ಪುವುದಾದರೆ ಸಹಾಯಕಿಯನ್ನು ಅಡುಗೆ–ಕಸಗುಡಿಸುವ ಕೆಲಸದವಳೆಂದು ಕಾಣುವುದು ನಿಲ್ಲಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇಬ್ಬರಿಗೂ ಒಟ್ಟಿಗೆ ತರಬೇತಿ ಕೊಡಲಿ; ಮೇಲ್ವಿಚಾರಕಿಯರ ಸಭೆಗೆ ಇಬ್ಬರನ್ನೂ ಕರೆಯಲಿ; ಅಂಗನವಾಡಿಯ ಬಾಲವಿಕಾಸ ಸಮಿತಿ ಈ ನಿಯಮಗಳನ್ನು ತಾಯಂದಿರಿಗೂ ತಿಳಿಸಲಿ.